ಕೌದಿಯ ಕೆಳಗಿನ ನೆಲ

ಗ್ಯಾಸ್ ಒಲೆ ಹಚ್ಚುವ ಲೈಟರನ್ನು ಒತ್ತಿದರೆ ಟಕ್ ಎಂದು ಕಿಡಿ ಹಾರುತ್ತದಲ್ಲ, ಅದರೊಳಗೆ ಬ್ಯಾಟರಿ ಇರುವುದಿಲ್ಲ. ಒಂದು ಬಗೆಯ ಹರಳು ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಕ್ಷಣದ ಮಟ್ಟಿಗೆ ವಿದ್ಯುತ್ ಹುಟ್ಟುತ್ತದೆ. ಅಂಥ ಹರಳನ್ನು ಪುಡಿ ಮಾಡಿ, ಹಪ್ಪಳದಷ್ಟು ತೆಳ್ಳಗಿನ ಹಾಳೆಯಲ್ಲಿ ಕೂರಿಸಿ, ಊರಿನ ಸಭಾಂಗಣಗಳ ಟೈಲ್ಸ್ ಕೆಳಗೆ ಹಾಸಿಬಿಟ್ಟರೆ? ನೆಲದ ಮೇಲೆ ಬಿದ್ದ ಪ್ರತಿ ಹೆಜ್ಜೆಯೂ ನೆಲಕ್ಕೆ ತಿಳಿಯುತ್ತದೆ. ಹೆಜ್ಜೆ ಯಾರದೆಂದು ತಿಳಿಯುವುದಿಲ್ಲ. ಯಾರೋ ಬಂದರು, ನಡೆದರು, ಕುಣಿದರು, ಹೋದರು ಎಂಬುದಷ್ಟೇ ತಿಳಿಯುತ್ತದೆ.

ನಮ್ಮ ಮುತ್ತಲಗಟ್ಟಿಯಲ್ಲಿ ಹಾಗೆ ಮಾಡಿದ್ದರು. ಮಾಡಿದ್ದಕ್ಕೆ ಕಾರಣವೂ ಇತ್ತು. ನಮ್ಮೂರಿನಲ್ಲಿ ಉಪ್ಪು ಕೊಂಡರೂ ಸೀರೆ ಕೊಂಡರೂ ಮಾರಾಟ ತೆರಿಗೆಯ ಒಂದು ಸಣ್ಣ ಪಾಲು ಊರಲ್ಲೇ ಉಳಿಯುತ್ತದೆ. ಆ ಪಾಲಿನಿಂದ ಊರ ಮಂದಿ ಸೇರುವ ಜಾಗಗಳನ್ನು ಕಟ್ಟಬೇಕು, ಕಟ್ಟಿದ್ದನ್ನು ನಡೆಸಬೇಕು. ರಂಗಮಂದಿರ, ಈಜುಕೊಳ, ಆಟದ ಮೈದಾನ, ಓಣಿ ಓಣಿಗೊಂದು ಸಭಾಂಗಣ, ಎಲ್ಲವೂ ಅದರಲ್ಲೇ. ಜನ ಅದನ್ನು ಅಂಗಳ ತೆರಿಗೆ ಎನ್ನುತ್ತಾರೆ. ಹಿಂದೆಲ್ಲ ಕಟ್ಟುವಾಗ ಇದ್ದ ಉತ್ಸಾಹ ನಡೆಸುವಾಗ ಇರುತ್ತಿರಲಿಲ್ಲ. ಉದ್ಘಾಟನೆಯ ಮಾಲೆ ಒಣಗುವ ಮುನ್ನ ಬಾಗಿಲಿಗೆ ಬೀಗ ಬೀಳುತ್ತಿತ್ತು, ಒಳಗೆ ಯಾರದೋ ಸಿಮೆಂಟಿನ ಚೀಲ ಏರುತ್ತಿತ್ತು. ಕಾಗದದಲ್ಲಿ ಮಾತ್ರ ನಿತ್ಯ ಕಾರ್ಯಕ್ರಮ. ಕಾಗದಕ್ಕೆ ಏನು ಬರೆದರೂ ಸುಮ್ಮನಿರುವ ಗುಣ. ಅದಕ್ಕೇ ನೆಲವನ್ನೇ ಕೇಳುವ ಏರ್ಪಾಡಾಯಿತು.

ನೆಲ ಹೇಳಿದ್ದನ್ನು ಕೇಳಿಸಿಕೊಳ್ಳಲು ಊರಿನ ಮಂದಿಯಲ್ಲೇ ಚೀಟಿ ಎತ್ತಿ ಒಂದು ಮೇಲ್ವಿಚಾರಣಾ ಸಮಿತಿ ಮಾಡುತ್ತಾರೆ. ಆ ವರ್ಷ ನನ್ನ ಹೆಸರು ಬಂತು. ಪುರಸಭೆಯಿಂದ ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಇಂದುಮತಿ ಅಂದರೆ ತಾವೇನಾ ಎಂದು ಕೇಳಿದರು. ಹೌದು, ಹಂಚಿನ ಮೇಲೆ ರೊಟ್ಟಿ ಇದೆ, ಬೇಗ ಹೇಳಿ ಎಂದೆ.

ಪುರಸಭೆಯ ಮೇಲಂತಸ್ತಿನಲ್ಲಿ ನಿಗಾ ಕೋಣೆ. ಒಂದಿಡೀ ಗೋಡೆಯ ಮೇಲೆ ಊರಿನ ನಕ್ಷೆ, ಅದರಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಚೌಕ. ಎಲ್ಲಿ ಹೆಜ್ಜೆ ಬೀಳುತ್ತದೋ ಅಲ್ಲಿ ಬೆಳಕಿನ ಚುಕ್ಕೆ ಮೂಡಿ ಆರುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕಾಣುತ್ತಿತ್ತು ನನಗೆ. ಗೋಡೆಯನ್ನು ನೋಡಿಕೊಳ್ಳುವವಳು ರುಕ್ಸಾನಾ ಎಂಬ ಎಂಜಿನಿಯರು. ನನಗಿಂತ ಚಿಕ್ಕವಳು, ಮೊದಲ ದಿನವೇ ನನ್ನನ್ನು ಇಂದಕ್ಕ ಎಂದು ಕರೆದು, ನನ್ನ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ಪಾಲು ಕೇಳಿದವಳು. ಸಮಿತಿಯ ಅಧ್ಯಕ್ಷರು ಮಹಾರುದ್ರಪ್ಪನವರು. ಬಜಾರದಲ್ಲಿ ಅವರದು ದೊಡ್ಡ ಬಟ್ಟೆ ಅಂಗಡಿ. ಊರಲ್ಲಿ ಎಲ್ಲರಿಗಿಂತ ಹೆಚ್ಚು ಅಂಗಳ ತೆರಿಗೆ ತಮ್ಮ ಗಲ್ಲಾದಿಂದಲೇ ಹೋಗುತ್ತದೆ ಎಂದು ಸಭೆಗೊಮ್ಮೆ ನೆನಪಿಸದಿದ್ದರೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ.

ಸಮಿತಿಗೆ ಎರಡು ಕಟ್ಟುಪಾಡು. ಸದಸ್ಯರು ತಮ್ಮ ಓಣಿಯ ಜಾಗದ ಪರವಾಗಿ ಬಾಯಿ ಬಿಡಬಾರದು, ಇದು ಒಂದು. ಎರಡನೆಯದು ಹುಟ್ಟಿದ್ದು ಒಂದು ಓಣಿಯವರ ಪ್ರತಾಪದಿಂದ. ಖಾಲಿ ಬಿದ್ದ ತಮ್ಮ ಸಭಾಂಗಣವನ್ನು ಉಳಿಸಿಕೊಳ್ಳಲು ಅವರು ಕುರಿ ಹಿಂಡನ್ನೇ ಒಳಗೆ ಹೊಡೆದಿದ್ದರು. ಗೋಡೆಯ ಮೇಲೆ ದೀಪಾವಳಿ. ಮರುದಿನ ನೋಡಲು ಹೋದವರ ಚಪ್ಪಲಿಗೆ ಹಿಕ್ಕೆ ಅಂಟಿದಾಗಲೇ ಗುಟ್ಟು ಬಯಲಾದದ್ದು. ಅಂದಿನಿಂದ ಲೆಕ್ಕಕ್ಕಾಗಿ ಹೆಜ್ಜೆ ಹಾಕಿಸಿದರೆ ಆ ಜಾಗಕ್ಕೆ ನಿಧಿ ನಿಲ್ಲುತ್ತದೆ. ನೆಲದ ಕಿವಿಯನ್ನೂ ತಿದ್ದಿದರು. ಮನುಷ್ಯರ ಹೆಜ್ಜೆಯ ಹಾಗೆ ಥಟ್ಟನೆ ಬೀಳುವ ಪೆಟ್ಟು ಮಾತ್ರ ಲೆಕ್ಕಕ್ಕೆ, ಮೆಲ್ಲಗೆ ಬಂದು ಕೂರುವ ಭಾರವೆಲ್ಲ ಕುರ್ಚಿ, ಚೀಲ, ಸಾಮಾನು.

ನಾನು ಸೇರಿದ ಮೇಲಿನ ಎರಡನೆಯ ಸಭೆಯಲ್ಲಿ ಗವಳಿ ಓಣಿಯ ಸಭಾಂಗಣದ ಸರದಿ ಬಂತು. ಅದು ನಮ್ಮ ಓಣಿ. ಗೋಡೆಯ ಮೇಲೆ ಅದರ ಚೌಕ ಕಾಡಿಗೆಯಷ್ಟು ಕಪ್ಪಾಗಿತ್ತು. ಟೈಲ್ಸ್ ಹಾಕಿದಾಗಿನಿಂದ ಹೀಗೇ ಎಂದಳು ರುಕ್ಸಾನಾ. ನೆಲದ ತಂತಿ, ಹಾಳೆ ಎಲ್ಲ ಇಲ್ಲಿಂದಲೇ ಪರೀಕ್ಷಿಸಿದ್ದಾಳೆ, ಎಲ್ಲ ಸರಿಯಿದೆ, ಜನ ಮಾತ್ರ ಬರುತ್ತಿಲ್ಲ. ಅದನ್ನು ಮುಚ್ಚಿ, ಅದರ ಪಾಲನ್ನು ಹೊಸ ಒಳಾಂಗಣ ಕ್ರೀಡಾಂಗಣಕ್ಕೆ ಸೇರಿಸುವ ಸೂಚನೆ ಮುಂದೆ ಬಂತು.

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ನನ್ನ ಮಗಳು ಸನ್ನಿಧಿ ದಿನಾ ಮಧ್ಯಾಹ್ನ ಅಲ್ಲೇ ಇರುತ್ತಾಳೆ.

ಸನ್ನಿಧಿಗೆ ಹುಟ್ಟಿನಿಂದಲೇ ಎಡಗಾಲಿನಲ್ಲಿ ಬಲ ಕಡಿಮೆ. ನಡೆಯಬೇಕು, ದಿನಾ ನಡೆಯಬೇಕು, ಸಮನಾದ ನೆಲದಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯೊಳಗೆ ಎಲ್ಲಿ ಕೈ ಚಾಚಿದರೂ ಗೋಡೆ, ಓಣಿಯ ತುಂಬ ಗುಂಡಿ. ಹತ್ತಿರದಲ್ಲಿ ಅಷ್ಟು ಅಗಲದ, ನೆರಳಿನ, ಸಮನಾದ ಜಾಗ ಅದೊಂದೇ. ಶಾಲೆ ಮುಗಿದ ಮೇಲೆ ಅವಳನ್ನು ಅಲ್ಲಿ ಬಿಟ್ಟು ನಾನು ಮನೆಗೆ ಬಂದರೆ ಬಟ್ಟೆ ಒಗೆದು, ಕಾಳು ನೆನೆಹಾಕಿ, ಸಂಜೆ ಕರೆದುಕೊಂಡು ಬರುವ ಹೊತ್ತಿಗೆ ಸರಿಯಾಗುತ್ತಿತ್ತು. ಓಣಿಯ ಹೆಂಗಸರು ಅಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದರು, ಹಾಡು ಹೇಳುತ್ತಿದ್ದರು, ಮುದುಕರು ಗೋಡೆಗೊರಗಿ ಮಂಪರಿನಲ್ಲಿರುತ್ತಿದ್ದರು. ಮಗಳು ಗೋಡೆಯಿಂದ ವೇದಿಕೆಯವರೆಗೆ ಕೋಲೂರಿ ಹೋಗಿ ಮರಳುತ್ತಿದ್ದಳು. ಅಷ್ಟು ಮಂದಿ ಕೂತು ಎದ್ದ ಜಾಗ ಗೋಡೆಯ ಮೇಲೆ ಕಪ್ಪಾಗಿರುವುದು ಹೇಗೆ?

ಕೇಳಬೇಕೆಂದರೂ ಬಾಯಿ ಬಿಡುವಂತಿಲ್ಲ. ಕೇಳಿದ್ದು ರುಕ್ಸಾನಾ. ಜನ ಬಾರದಿದ್ದರೆ ಫ್ಯಾನುಗಳು ಯಾರಿಗಾಗಿ ತಿರುಗುತ್ತಿವೆ, ಟಾಕಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಅನುಮಾನ. ಯಾರೋ ಒಳಗೆ ಗೋದಾಮು ಮಾಡಿಕೊಂಡಿರಬೇಕು, ಹೋಗಿ ಹಿಡಿಯೋಣ ಎಂದು ಮಹಾರುದ್ರಪ್ಪನವರು ಎದ್ದೇಬಿಟ್ಟರು.

ಹೋದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಶ್ಯಾವಿಗೆಯ ಮಣೆ, ಅಳುವ ಕೂಸು, ಯಾರದೋ ನಗು. ಸಭಾಂಗಣ ನೋಡಿಕೊಳ್ಳುವ ದ್ಯಾಮವ್ವ ಎದ್ದು ಬಂದು, ಕಾಲು ತೊಳೆದು ಒಳಗೆ ಬರಬೇಕೆಂದು ಅಧ್ಯಕ್ಷರಿಗೇ ಹೇಳಿದಳು. ಅವರು ತೊಳೆದರು. ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

ಈ ಗೋಡೆಯಿಂದ ಆ ಗೋಡೆಯವರೆಗೆ ಕೌದಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಕೂಡಿಸಿ ಹೊಲಿದ ಹತ್ತಾರು ಕೌದಿಗಳನ್ನು ಅಂಚಿಗೆ ಅಂಚು ಸೇರಿಸಿ ಸಭಾಂಗಣದ ಉದ್ದಗಲಕ್ಕೂ ಹಾಸಿದ್ದರು. ನಾನು ಅದನ್ನು ದಿನಾ ನೋಡಿದ್ದೆ. ನೋಡಿ ನೋಡಿ ನನ್ನ ಕಣ್ಣಿಗೆ ಅದೇ ನೆಲವಾಗಿಹೋಗಿತ್ತು.

ರುಕ್ಸಾನಾ ಹಣೆ ಒತ್ತಿಕೊಂಡು ಕೂತುಬಿಟ್ಟಳು. ಮೆತ್ತನೆಯ ಕೌದಿಯ ಮೇಲೆ ಬಿದ್ದ ಹೆಜ್ಜೆಯನ್ನೆಲ್ಲ ನೆಲ ಸಾಮಾನಿನ ಭಾರವೆಂದುಕೊಂಡಿತ್ತು. ಮಹಾರುದ್ರಪ್ಪನವರು ಇದನ್ನೇಕೆ ಹಾಸಿದ್ದು ಎಂದು ವಿಚಾರಿಸಿದರು.

“ಹೊಸಾ ನೆಲಾ ರೀ ಸಾವಕಾರ್ರ,” ಎಂದಳು ದ್ಯಾಮವ್ವ. “ಹೆಂಗ ಮಿಂಚತೈತಿ. ಮಂದಿ ಕಾಲಾಗ ಹಾಳಾಗಬಾರದಂತ ಮುಚ್ಚೇವಿ.”

“ಎಷ್ಟ ವರ್ಷದ ಹೊಸಾದಬೇ ಇದು?”

“ಹಾಕಿಸಿದಾಗಿಂದ ಹೊಸಾದ ಐತ್ರಿ.”

ಅವಳು ಹೆಮ್ಮೆಯಿಂದ ಒಂದು ಮೂಲೆ ಎತ್ತಿ ತೋರಿಸಿದಳು. ಕೆಳಗೆ ಟೈಲ್ಸ್ ನಿಜಕ್ಕೂ ಅಂಗಡಿಯಿಂದ ಆಗಷ್ಟೇ ತಂದಂತಿತ್ತು. ಅವಳನ್ನು ಬೈಯುವುದು ಹೇಗೆ? ನಮ್ಮ ಮನೆಯ ಟಿವಿಗೂ ಕಸೂತಿಯ ಹೊದಿಕೆಯಿದೆ. ಮಹಾರುದ್ರಪ್ಪನವರ ಅಂಗಡಿಯ ಕುರ್ಚಿಗಳಿಗೆ ಕೊಂಡಾಗಿನ ಪ್ಲಾಸ್ಟಿಕ್ಕು ಇಂದಿಗೂ ಹಾಗೇ ಇದೆ. ಒಳ್ಳೆಯದು ಸಿಕ್ಕಿದರೆ ಮುಚ್ಚಿಟ್ಟು ಕಾಪಾಡುವುದೇ ನಮ್ಮ ಅಭ್ಯಾಸ. ಊರು ಇಷ್ಟು ದಿನ ಹೆಜ್ಜೆ ಕೇಳಲೆಂದು ಕಿವಿಗೊಟ್ಟು ಕೂತಿದ್ದರೆ, ನಮ್ಮ ಓಣಿಯವರು ಆ ಕಿವಿಗೇ ಬೆಚ್ಚಗೆ ಹೊದಿಸಿದ್ದರು.

ಮಹಾರುದ್ರಪ್ಪನವರು ಬಟ್ಟೆಯ ಮನುಷ್ಯ. ಬಗ್ಗಿ ಕೌದಿಯನ್ನು ಎರಡು ಬೆರಳಲ್ಲಿ ಹಿಡಿದು, ಇದು ನಮ್ಮ ಅಂಗಡಿಯ ಸೀರೆ, ಇದೂ ನಮ್ಮದೇ, ಈ ಅಂಚು ಮಾತ್ರ ಎದುರು ಅಂಗಡಿಯವನದು ಎಂದು ಗುರುತಿಸುತ್ತ ಹೋದರು. ನಡುವೆ ಒಂದು ಕಡೆ ಕೈ ನಿಂತಿತು. ಗೋಡೆಯಿಂದ ವೇದಿಕೆಯವರೆಗೆ ಒಂದು ಪಟ್ಟಿ ಉಳಿದೆಲ್ಲ ಕಡೆಗಿಂತ ದಪ್ಪವಾಗಿತ್ತು. ಅಲ್ಲಿ ತೇಪೆಯ ಮೇಲೆ ತೇಪೆ, ಹೊಲಿಗೆಯ ಮೇಲೆ ಹೊಲಿಗೆ. ಇಲ್ಲೇಕೆ ಇಷ್ಟು ದಪ್ಪ ಎಂದು ಕೇಳಿದರು.

ದ್ಯಾಮವ್ವ ಒಮ್ಮೆ ನನ್ನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು.

“ಮೊದಲ ಒಂದ ಪದರ ಇತ್ರಿ. ಆಮ್ಯಾಲೆ ಈ ಕೂಸು ನಡ್ಯಾಕ ಬಂತು. ಬೀಳ್ತಿತ್ರಿ. ಒಮ್ಮೆ ತುಟಿ ಒಡಕೊಂಡ್ತು. ಅವರವ್ವಗ ಗೊತ್ತಾದ್ರ ಕಳಸೂದ ಬಿಡ್ತಾಳಂತ ಅಂಜಿಕಿ ಬಂತು. ಎಲ್ಲಾರೂ ಮನ್ಯಾಗಿನ ಸೀರಿ ತಂದು ಮತ್ತೊಂದ ಪದರ ಹೊಲದ್ವಿ. ಮತ್ತ ಬಿತ್ತು, ಮತ್ತ ಹೊಲದ್ವಿ.”

ತುಟಿಯ ಗಾಯ ನನಗೆ ನೆನಪಿತ್ತು. ಕಬ್ಬು ಕಚ್ಚುವಾಗ ಆಯಿತೆಂದು ಮಗಳು ಹೇಳಿದ್ದಳು. ನಾನು ನಂಬಿ, ಕಬ್ಬು ತಂದುಕೊಟ್ಟ ಅವಳಪ್ಪನನ್ನು ಬೈದಿದ್ದೆ. ಈಗ ಅವಳು ವೇದಿಕೆಯ ಅಂಚಿಗೆ ಕೂತು ಕೋಲಿನ ತುದಿಯನ್ನೇ ನೋಡುತ್ತಿದ್ದಳು. ಶ್ಯಾವಿಗೆ ಹೊಸೆಯುತ್ತಿದ್ದ ಹೆಂಗಸರೂ ತಮ್ಮ ತಮ್ಮ ಮಣೆಯನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳ ಜೊತೆ ನಲ್ಲಿಯ ನೀರಿಗಾಗಿ ಜಗಳವಾಡಿ ನಾನು ಎಷ್ಟೋ ದಿನದಿಂದ ಮಾತು ಬಿಟ್ಟಿದ್ದೆ. ಅವಳ ಹಸಿರು ಸೀರೆಯ ತುಂಡು ನನ್ನ ಕಾಲ ಕೆಳಗೇ ಇತ್ತು.

ಸಮಿತಿಯವರು ಹೊರಗೆ ಕಟ್ಟೆಯ ಮೇಲೆ ಕೂತು ಮಾತಾಡಿದರು. ನಾನು ದೂರ ನಿಂತೆ. ಕಣ್ಣಾರೆ ನೋಡಿದೆವಲ್ಲ, ಉಳಿಸಿಬಿಡೋಣ ಎಂದು ಒಬ್ಬರೆಂದರು. ಮಹಾರುದ್ರಪ್ಪನವರು ತಲೆಯಾಡಿಸಿದರು. ಇಂದು ಕಣ್ಣಿಗೆ ಬಿಟ್ಟರೆ ನಾಳೆ ಕಾಗದಕ್ಕೂ ಬಿಡಬೇಕಾಗುತ್ತದೆ, ನಿಯಮ ಕೇಳುವುದು ನೆಲದ ಮಾತನ್ನೇ. ಕೌದಿ ತೆಗೆಯಲಿ. ಮುಂದಿನ ಸಭೆಯ ದಿನ ಮಧ್ಯಾಹ್ನ ಎಲ್ಲರೂ ಗೋಡೆಯ ಮುಂದೆ ಕೂತು ನೋಡೋಣ. ಚೌಕ ಬೆಳಗಿದರೆ ಸಭಾಂಗಣ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಓಣಿಯವರಿಗೆ ಯಾರೂ ಜೋರಾಗಿ ನಡೆಯಿರಿ ಎಂದು ಹೇಳಿಕೊಡುವಂತಿಲ್ಲ. ಹಾಗೆಂದು ನನ್ನ ಕಡೆಗೂ ನೋಡಿದರು.

ದ್ಯಾಮವ್ವ ಒಂದೇ ಒಂದು ಮಾತು ಕೇಳಿಕೊಂಡಳು. ಆ ದಪ್ಪನೆಯ ಪಟ್ಟಿಯಷ್ಟನ್ನು ಬಿಡಬೇಕು, ಕೂಸು ಬರಿಯ ಟೈಲ್ಸ್ ಮೇಲೆ ಬೀಳಬಾರದು. ರುಕ್ಸಾನಾ ಲೆಕ್ಕ ಹಾಕಿ, ಅದೊಂದಿದ್ದರೆ ತೊಂದರೆಯಿಲ್ಲ, ಉಳಿದವರ ಹೆಜ್ಜೆ ಸಾಕು ಎಂದಳು.

ಆ ಸಂಜೆ ನಾನು ಸನ್ನಿಧಿಯ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಾಗ ತಲೆ ತಿರುಗಿಸದೆಯೇ ಕೇಳಿದಳು.

“ಅವ್ವಾ, ಕೌದಿ ಮ್ಯಾಲೆ ನಡದ್ರ ನನ್ನ ಹೆಜ್ಜಿ ಯಾರಿಗೂ ಕಾಣಂಗಿಲ್ಲೇನು?”

ಹೌದೆಂದರೆ ಹೇಳಿಕೊಟ್ಟಂತೆ. ಇಲ್ಲವೆಂದರೆ ಸುಳ್ಳು.

“ನನಗ ಕಾಣತಾವಲ್ಲ,” ಎಂದೆ.

ಅವಳಿಗೆ ಅದು ಸಾಲಲಿಲ್ಲ. ಹಿಂದಲೆ ನೋಡಿಯೇ ನನಗದು ಗೊತ್ತಾಯಿತು. ಆದರೂ ಜಡೆ ಹಾಕಿಸಿಕೊಂಡಳು.

ಅಲ್ಲಿಂದ ಮುಂದೆ ಬಾಯಿ ಕಟ್ಟಿಕೊಂಡಿರುವುದೇ ನನಗೊಂದು ಮನೆಗೆಲಸವಾಯಿತು. ಓಣಿಯಲ್ಲಿ ಯಾರಾದರೂ ಸಭಾಂಗಣದ ಸುದ್ದಿ ಎತ್ತಿದರೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಓಡುತ್ತಿದ್ದೆ. ಎಷ್ಟು ಹಾಲು ಕಾಯಿಸುತ್ತೀ ಎಂದು ಮನೆಯವರು ನಕ್ಕರು.

ಸಭೆಯ ದಿನ ಬಂತು. ಮಗಳನ್ನು ಸಭಾಂಗಣದ ಬಾಗಿಲಲ್ಲಿ ದ್ಯಾಮವ್ವನ ಕೈಗೆ ಕೊಟ್ಟು, ಒಳಗೆ ಇಣುಕದೆಯೇ ಪುರಸಭೆಗೆ ಹೋದೆ. ಎಲ್ಲರೂ ಗೋಡೆಯ ಮುಂದೆ ಕೂತರು. ರುಕ್ಸಾನಾ ಗವಳಿ ಓಣಿಯ ಚೌಕವನ್ನು ಗೋಡೆಯಷ್ಟಗಲ ಮಾಡಿದಳು. ನಡುವೆ ಆ ಪಟ್ಟಿಯ ಜಾಗ ಮಾತ್ರ ಕಪ್ಪಾಗಿರುತ್ತದೆ, ಅದರ ಎರಡೂ ಬದಿ ಬೆಳಕು ಬರಬೇಕು ಎಂದು ತೋರಿಸಿದಳು. ಚೌಕದ ಬದಿಯಲ್ಲಿ ಹೆಜ್ಜೆಗಳ ಮೊತ್ತ ತೋರಿಸುವ ಬೆಳಕಿನ ಕಂಬವಿತ್ತು, ಅದರ ಮೇಲೊಂದು ಹಸಿರು ಗೆರೆ. ಬೆಳಕು ಅಲ್ಲಿಯವರೆಗೆ ಏರಬೇಕು.

ಬಾಗಿಲ ಬಳಿ ಒಂದು ಚುಕ್ಕೆ ಮೂಡಿತು. ಮಿಣುಕಿ ಆರಿತು. ಇನ್ನೊಂದು ಮೂಡಿತು. ಎಲ್ಲ ಗೋಡೆಯ ಅಂಚಿಗೇ, ಇರುವೆ ಸಾಲಿನಂತೆ, ಇದೆಯೋ ಇಲ್ಲವೋ ಎಂಬಷ್ಟು ಮಂದವಾಗಿ. ಒಂದೊಂದೂ ತನ್ನ ಮೂಲೆ ಸೇರಿ ಅಲ್ಲೇ ಆರಿಹೋಯಿತು. ನಡುವಿನ ನೆಲವೆಲ್ಲ ಖಾಲಿ.

“ಏನ್ ಮಾಡಾಕ ಹತ್ಯಾರ ಇವರು?” ಎಂದರು ಮಹಾರುದ್ರಪ್ಪನವರು.

ಏನು ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೊಸ ನೆಲ, ಅದರ ಮೇಲೆ ಹೊದಿಕೆಯೂ ಇಲ್ಲ. ಒರೆಸಿದ ಅಡುಗೆಮನೆಯಲ್ಲಿ ನಡೆಯುವಂತೆ ತುದಿಗಾಲಲ್ಲಿ, ಗೋಡೆ ಹಿಡಿದು, ಉಸಿರು ಬಿಗಿಹಿಡಿದು ಹೋಗಿ ಮೂಲೆಯಲ್ಲಿ ಮುದುಡಿ ಕೂತಿದ್ದಾರೆ. ಶ್ಯಾವಿಗೆಯ ಮಣೆಯನ್ನೂ ತಂದಿರಲಿಕ್ಕಿಲ್ಲ. ಕಂಬದ ಬೆಳಕು ಹಸಿರು ಗೆರೆಯ ಕಾಲುಭಾಗಕ್ಕೂ ಏರಲಿಲ್ಲ. ಹೊತ್ತು ಹೋಯಿತು. ರುಕ್ಸಾನಾ ಚಹಾ ತರಿಸಿದಳು, ಯಾರೂ ಕುಡಿಯಲಿಲ್ಲ. ಮಹಾರುದ್ರಪ್ಪನವರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. ಸಂತೋಷದಿಂದ ತೆಗೆದ ಹಾಗೆ ಕಾಣಲಿಲ್ಲ.

ಆಗ ಕಪ್ಪು ಪಟ್ಟಿಯ ಅಂಚಿನಲ್ಲಿ ಒಂದು ಚುಕ್ಕೆ ಹೊತ್ತಿತು. ಸಣ್ಣದು, ಸೂಜಿ ಮೊನೆಯಷ್ಟು, ಆದರೆ ಬೆಳ್ಳಗೆ ಕಣ್ಣು ಕುಕ್ಕುವಂಥದ್ದು. ಅದರ ಹಿಂದೆಯೇ ಒಂದು ಅಗಲ ಚುಕ್ಕೆ. ಆಮೇಲೆ ಉದ್ದಕ್ಕೆ ಎಳೆದಂಥ ಒಂದು ಗೆರೆ. ಮತ್ತೆ ಮೊನೆ, ಮತ್ತೆ ಚುಕ್ಕೆ, ಮತ್ತೆ ಗೆರೆ. ಪಟ್ಟಿಯನ್ನು ಬಿಟ್ಟು ಅದು ಖಾಲಿ ನೆಲದ ನಡುವಿಗೆ ಬರುತ್ತಿತ್ತು.

ಕೋಲು, ಬಲಗಾಲು, ಎಳೆದ ಎಡಗಾಲು.

ಇದು ಎಂಥ ಹೆಜ್ಜೆ, ಯಂತ್ರ ತಪ್ಪುತ್ತಿದೆಯೇ ಎಂದು ರುಕ್ಸಾನಾ ಬಗ್ಗಿ ನೋಡಿದಳು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡೆ. ಹೆಜ್ಜೆ ಯಾರದೆಂದು ನೆಲಕ್ಕೆ ತಿಳಿಯುವುದಿಲ್ಲ. ಆ ಲಯವನ್ನು ಎಷ್ಟೋ ವರ್ಷ ಅಡುಗೆಮನೆಯಿಂದಲೇ ಕಿವಿಗೊಟ್ಟು ಕಾದವಳಿಗೆ ತಿಳಿಯುತ್ತದೆ. ಇನ್ನೊಂದು ಮೊನೆ, ಇನ್ನೊಂದು ಚುಕ್ಕೆ. ಗೆರೆ ಈ ಸಲ ಸೊಟ್ಟಗಾಯಿತು. ಮರುಕ್ಷಣ ಚೌಕದ ನಡುವೆ ತಟ್ಟೆಯಷ್ಟು ದೊಡ್ಡ ಬೆಳಕು ಧಗ್ಗೆಂದಿತು.

ಬಿದ್ದಳು.

ನಾನು ಎದ್ದು ನಿಂತಿದ್ದೆ. ಅಲ್ಲಿಗೆ ಓಡಿದರೂ ಮುಟ್ಟುವಷ್ಟು ಹತ್ತಿರದ ದಾರಿಯಲ್ಲ. ಅಷ್ಟರಲ್ಲಿ ಗೋಡೆ ಸಿಡಿಯಿತು. ಎಲ್ಲ ಮೂಲೆಗಳಿಂದ, ಎಲ್ಲ ಅಂಚುಗಳಿಂದ ಚುಕ್ಕೆಗಳು ಎದ್ದು ನಡುವಿಗೆ ನುಗ್ಗಿದವು. ಮೆಲ್ಲಗೆ ನಡೆಯಬೇಕೆಂಬುದು ಯಾರಿಗೂ ನೆನಪಿರಲಿಲ್ಲ. ಮುದುಕರ ಭಾರದ ಹೆಜ್ಜೆ, ಮಕ್ಕಳ ಚೂರು ಹೆಜ್ಜೆ, ದ್ಯಾಮವ್ವನದೇ ಇರಬೇಕು ಎಲ್ಲರಿಗಿಂತ ಮುಂದಿದ್ದ ಒಂದು ಧಡ ಧಡ ಹೆಜ್ಜೆ. ಒಂದಿಡೀ ಓಣಿ ನನ್ನ ಮಗಳ ಸುತ್ತ ಬೆಳಕಾಗಿ ಕೂಡಿತು. ಕಂಬದ ಬೆಳಕು ಹಸಿರು ಗೆರೆಯನ್ನು ಯಾವಾಗ ದಾಟಿತೋ ಯಾರೂ ನೋಡಲಿಲ್ಲ.

“ಅಕ್ಕಾ,” ಎಂದಳು ರುಕ್ಸಾನಾ ಮೆಲ್ಲಗೆ, “ಇಷ್ಟ ಮಂದಿ ಎಲ್ಲಿದ್ರು?”

ನಾನು ಉತ್ತರಿಸುವಂತಿರಲಿಲ್ಲ. ಬೆಳಕಿನ ಗುಂಪು ಸ್ವಲ್ಪ ಹಿಂದೆ ಸರಿದು ದಾರಿ ಬಿಟ್ಟಿತು. ಯಾರು ಬೇಡವೆಂದರೂ ಕೇಳದೆ, ಯಾರ ಕೈಯನ್ನೂ ಹಿಡಿಯದೆ ಸನ್ನಿಧಿ ಎದ್ದಿರಬೇಕು. ನಡುವೆ ಮತ್ತೆ ಸೂಜಿ ಮೊನೆ ಹೊತ್ತಿತು. ಚುಕ್ಕೆ. ಗೆರೆ. ವೇದಿಕೆಯ ಕಡೆಗೆ ಹೊರಟಿತು. ಉಳಿದ ಬೆಳಕುಗಳೆಲ್ಲ ಅದರ ಎರಡೂ ಬದಿಗೆ ಹೆಜ್ಜೆಗೆ ಹೆಜ್ಜೆ ಸೇರಿಸುತ್ತ ಹೋದವು.

ಲೆಕ್ಕಕ್ಕಾಗಿ ಬೀಳಿಸಿದ್ದಲ್ಲ ಎಂಬುದಕ್ಕೆ ಏನು ಆಧಾರ ಎಂದು ಸದಸ್ಯರೊಬ್ಬರು ಕೇಳಿದರು. ಮಹಾರುದ್ರಪ್ಪನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು.

“ಹಂಗ ಓಡೂದನ್ನ ಯಾರೂ ಹೇಳಿಕೊಡಾಕ ಬರಂಗಿಲ್ಲರಿ,” ಎಂದು ಹೇಳಿ, ಗವಳಿ ಓಣಿಯ ಪಾಲು ಗವಳಿ ಓಣಿಗೇ ಉಳಿಯಲಿ ಎಂದು ಸಹಿ ಹಾಕಿದರು. ನಿಯಮದಂತೆ ನಾನು ಕೈ ಎತ್ತಲಿಲ್ಲ.

ಸಭೆ ಮುಗಿದದ್ದೇ ಸಭಾಂಗಣಕ್ಕೆ ಓಡಿದೆ. ಶ್ಯಾವಿಗೆಯ ಮಣೆಗಳು ಮರಳಿ ಬಂದಿದ್ದವು. ನೆಲದ ತುಂಬ ಹಿಟ್ಟು, ಹೆಜ್ಜೆಯ ಗುರುತು. ದ್ಯಾಮವ್ವ ಒಂದು ಕೈಯಲ್ಲಿ ಒರೆಸುವ ಅರಿವೆ ಹಿಡಿದು, ಒರೆಸಲೋ ಬೇಡವೋ ಎಂದು ತಿಳಿಯದೆ ನಿಂತಿದ್ದಳು. ಕೌದಿಗಳನ್ನು ಮಡಿಚಿ ವೇದಿಕೆಯ ಮೇಲೆ ಪೇರಿಸಿದ್ದರು, ಅವುಗಳ ಮೇಲೆ ಯಾರದೋ ಕೂಸು ಮಲಗಿತ್ತು. ನಲ್ಲಿಯ ಜಗಳದವಳು ನನ್ನ ಮಗಳ ಮೊಣಕಾಲಿಗೆ ಅರಿಸಿನ ಒತ್ತುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ಅರಿಸಿನದ ಬಟ್ಟಲನ್ನು ನನ್ನ ಕಡೆ ಸರಿಸಿ, ಉಳಿದದ್ದನ್ನು ನೀನು ಹಚ್ಚು, ನನ್ನ ಹಿಟ್ಟು ಒಣಗುತ್ತದೆ ಎಂದು ಎದ್ದುಹೋದಳು.

ಗಾಯ ದೊಡ್ಡದೇನಲ್ಲ. ಉರಿಗೆ ಸನ್ನಿಧಿ ಮುಖ ಕಿವುಚಿದಳು, ಅಳಲಿಲ್ಲ.

“ಅವ್ವಾ,” ಎಂದಳು, “ಕಂಡ್ವೇನು?”

“ಕಂಡ್ವು.”

“ಎಡಗಾಲಿಂದೂ?”

“ಎಡಗಾಲಿಂದ ಎಲ್ಲಾದಕ್ಕಿಂತ ಉದ್ದ ಕಾಣ್ತು,” ಎಂದು ಹೇಳಿ ಬಟ್ಟಲಿನಲ್ಲಿ ಉಳಿದಿದ್ದ ಅರಿಸಿನವನ್ನೂ ಹಚ್ಚಿದೆ.